ಅತ್ತಿಗೆಯ ಸೀಸದ ಬಿಲ್ಲೆಗಳು

ನಮ್ಮ ಅತ್ತಿಗೆ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಹಾಲಿನವನು ಅಳೆದು ಕೊಟ್ಟ ಹಾಲನ್ನು ಮನೆಯೊಳಗೆ ಮತ್ತೆ ಅಳೆಯುತ್ತಾರೆ. ಅಣ್ಣ ಮಾತ್ರೆ ನುಂಗಿದೆ ಎಂದರೆ ಬಾಯಿ ತೆರೆಸಿ ನೋಡುತ್ತಾರೆ. ಇಂಥವರಿಗೆ ಗ್ಲೈಡರ್ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿದ್ದು ಅಲ್ಲಿ ಕಲಿಯುವವರ ಗ್ರಹಚಾರ.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ಪುಟ್ಟ ವಿಮಾನ. ಮುಂದಿನ ಸೀಟಿನಲ್ಲಿ ಕೂತವರು ತೀರ ಹಗುರವಾದರೆ ಬಾಲ ಭಾರವಾಗಿ ಮೂತಿ ಮೇಲೇಳುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೇ ಎಲ್ಲರನ್ನೂ ತೂಗಿ, ಕಡಿಮೆ ಬಿದ್ದವರ ಕಾಲಿನ ಮುಂದೆ ಸೀಸದ ಬಿಲ್ಲೆಗಳನ್ನಿಟ್ಟು ಬೋಲ್ಟ್ ಬಿಗಿಯುವುದು ಅತ್ತಿಗೆಯ ಕೆಲಸ. ಒಬ್ಬ ಪುಣ್ಯಾತ್ಮ ದಪ್ಪ ಕೋಟು ಹಾಕಿಕೊಂಡು ತೂಗಿಸಿಕೊಂಡವನು, ಸೆಕೆ ಎಂದು ಅದನ್ನು ಬಿಚ್ಚಿಟ್ಟು ಹಾರಲು ಹೊರಟಿದ್ದ. ಅಂದಿನಿಂದ ಅವರು ಜೇಬು ತಡವದೆ ಯಾರನ್ನೂ ಬಿಟ್ಟಿಲ್ಲ. ಗ್ಲೈಡರ್ ಹೊರಡುವಾಗ ರೆಕ್ಕೆಯ ತುದಿ ಹಿಡಿದು ಜೊತೆಗೆ ಓಡುವವನು ನಾನು. ಸ್ವಂತ ಮೈದುನನ ಮೇಲೂ ಅವರಿಗೆ ಅನುಮಾನವೇ.

ಆ ದಿನ ಅವರ ಮಗಳು ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಕಡ್ಡಿಯಂಥ ಹುಡುಗಿ, ಬಿಲ್ಲೆಯಿಲ್ಲದೆ ಸೀಟು ಹತ್ತಿದವಳೇ ಅಲ್ಲ. ಅಂದು ತಕ್ಕಡಿಯ ಮುಳ್ಳು ಕನಿಷ್ಠ ತೂಕದ ಗೆರೆ ಮುಟ್ಟಿ ನಿಂತಿತು.

“ಮೈ ಕೈ ತುಂಬ್ಕೊಂಡಿದಾಳೆ. ಬಿಲ್ಲೆ ಬೇಡ ಬಿಡಿ,” ಎಂದರು ಹಾರಾಟ ಕಲಿಸುವ ಮೇಷ್ಟ್ರು.

“ಇವಳಿಗೆ ಬಡಿಸೋಳು ನಾನು. ನನಗೆ ಗೊತ್ತಿಲ್ದೆ ಯಾವಾಗ ತುಂಬ್ಕೊಂಡ್ಳು?”

ಅತ್ತಿಗೆ ಜೇಬು ನೋಡಿದರು, ಬೂಟು ಬಿಚ್ಚಿಸಿದರು. ಏನೂ ಸಿಗಲಿಲ್ಲ. ಹುಡುಗಿಯ ಮುಖ ಮಾತ್ರ ವಿಪರೀತ ಸಾಧುವಾಗಿತ್ತು. ನನಗೂ ಯಾಕೋ ಸರಿ ಕಾಣಲಿಲ್ಲ. ಅತ್ತಿಗೆ ಜಗಳ ಮಾಡಲಿಲ್ಲ. ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಎದುರಿಗೆ ತಾವೂ ಕೂತರು.

ಸ್ವಲ್ಪ ಹೊತ್ತಿಗೆ ಹುಡುಗಿ ಕಾಲ ಮೇಲೆ ಕಾಲು ಹಾಕಿದಳು. ಮತ್ತೆ ಬದಲಿಸಿದಳು. ಕೊನೆಗೆ ಗೋಡೆ ನೋಡುತ್ತಾ, “ಅಮ್ಮಾ, ಬಾತ್‌ರೂಮಿಗೆ ಹೋಗ್ಬೇಕು,” ಎಂದಳು.

“ಎಷ್ಟು ನೀರು ಕುಡ್ದಿದೀಯ?”

“ಮೂರು ಬಾಟ್ಲಿ.”

“ಹೋಗ್ಬಾ. ಬಂದು ಮತ್ತೆ ಹತ್ತು.”

ಮುಳ್ಳು ಗೆರೆಯಿಂದ ಕೆಳಗಿಳಿಯಿತು. ಮೇಷ್ಟ್ರು ಪೆಚ್ಚಾದರು. ಹುಡುಗಿ ಗಳಗಳನೆ ಅತ್ತಳು. “ಅಮ್ಮ ಕಟ್ಟಿಹಾಕಿದ ಕರು ಅಂತ ಎಲ್ರೂ ಆಡ್ಕೊಳ್ತಾರೆ. ಒಂದ್ಸಲನಾದ್ರೂ ಆ ಸೀಸ ಇಲ್ದೆ ಹಾರ್ಬೇಕು ಅನ್ನಿಸ್ತು.”

“ತನಗೇ ಮೋಸ ಮಾಡ್ಕೊಳ್ಳೋಳನ್ನ ಒಬ್ಬಳೇ ಮೇಲೆ ಕಳಿಸ್ತೀರಾ?” ಎಂದು ಅತ್ತಿಗೆ ಮೇಷ್ಟ್ರನ್ನು ಕೇಳಿದರು.

“ಅವಳಿಗೆ ಹಾರೋಕೆ ಬರುತ್ತೆ. ಆದ್ರೆ ನೀವು ಬೇಡ ಅಂದ್ರೆ ಇವತ್ತು ಬೇಡ.”

“ನೋಡೋಣ,” ಎಂದರು ಅತ್ತಿಗೆ. ಗ್ಲೈಡರಿನ ಒಳಗೆ ಬಗ್ಗಿ ಬಿಲ್ಲೆಗಳನ್ನು ಬಿಗಿಯತೊಡಗಿದರು. ಕೈ ಬೋಲ್ಟಿನ ಮೇಲಿದ್ದರೂ ಕಣ್ಣು ಮತ್ತೆ ಮತ್ತೆ ಮಗಳ ಕಡೆಗೇ ಹೋಗುತ್ತಿತ್ತು.

ಹುಡುಗಿ ಕಣ್ಣೊರೆಸಿಕೊಂಡು ಬಂದಳು. ಸೀಟಿಗೆ ಇಳಿಯುವ ಮುಂಚೆ, ಅಮ್ಮ ಬಿಗಿದ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಕೊನೆಯದರ ಹತ್ತಿರ ಕೈ ನಿಂತಿತು.

“ಅಮ್ಮಾ, ಇದು ಸಡಿಲ ಇದೆ.”

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಅವರು ಬಿಗಿದ ಬೋಲ್ಟ್ ಸಡಿಲವಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಸ್ಪ್ಯಾನರನ್ನು ಮಗಳ ಕೈಗಿತ್ತರು. ಅವಳು ಬಿಗಿಯುವುದನ್ನು ನೋಡುತ್ತಾ ನಿಂತರು.

“ಅಮ್ಮನ್ನೂ ನಂಬಲ್ವೇನೇ?” ಎಂದು ಕೇಳಿದೆ.

“ಇಲ್ಲ ಚಿಕ್ಕಪ್ಪ,” ಎಂದಳು, ತಲೆಯೆತ್ತದೆ.

ಅತ್ತಿಗೆ ಮೇಷ್ಟ್ರ ಕಡೆ ತಿರುಗಿದರು. “ಕಳಿಸಿ,” ಎಂದರು.