ಮೊದಲು ನಡುಗಿದ ಕೈ

ಬೀಗದಕೈ ಗೊಂಚಲು ಝಲ್ಲೆಂದು ನೆಲದ ಕಲ್ಲಿಗೆ ಬೀಳುವ ಸದ್ದು. ನಲವತ್ತರ ದಶಕದ ರಾಯಚೂರಿನ ನಮ್ಮ ಮನೆ ನೆನಪಾದರೆ ನನಗೆ ಮೊದಲು ಕೇಳುವುದು ಅದೇ. ಅಮ್ಮನ ತಂಗಿಗೆ ಫಿಟ್ಸ್ ಬಂದಾಗ, ದೇವದುರ್ಗದಿಂದ ಜೊತೆಗೆ ಬಂದಿದ್ದ ಅಜ್ಜಿ ಆ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿ, ತನ್ನ ಮುಖಕ್ಕೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ನಾವೆಲ್ಲ ಗೋಡೆಯತ್ತ ತಿರುಗುತ್ತಿದ್ದೆವು. ನೋಡಿದವರಿಗೂ ಗಾಳಿ ಬಡಿಯುತ್ತದೆಂಬ ಭಯ. ಚಿಕ್ಕಮ್ಮನ ಕೈ ಜಾಡಿಸಿದಾಗ ಗೊಂಚಲು ಬೀಳುತ್ತಿತ್ತು.

ಮಾನ್ವಿಗೆ ಕೊಟ್ಟ ಹೆಣ್ಣು ಅವಳು. ಗಾಳಿ ಸೋಕಿದೆಯೆಂದು ಅತ್ತೆ ತವರಿಗೆ ವಾಪಸ್ ಕಳಿಸಿದ್ದಳು. ವಾಸಿಯಾಗದಿದ್ದರೆ ಮಗನಿಗೆ ಬೇರೆ ಹೆಣ್ಣು ನೋಡುತ್ತೇವೆ ಎಂದೂ ಹೇಳಿಸಿದ್ದಳು. ಅಪ್ಪ ಡಾಕ್ಟರರ ಹತ್ತಿರ ಕರೆದೊಯ್ದರು. ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದಿದ್ದ ನಾನೂ ಹೋದೆ.

“ಮೊದಲ ಯಾವ ಕೈ ನಡಗತದ? ಎಷ್ಟೊತ್ತು?” ಕೇಳಿದರು ಡಾಕ್ಟರ್.

“ಅದನ್ಯಾರು ನೋಡ್ತಾರ್ರೀ ಯಪ್ಪಾ! ನಮಗೂ ಬಡೀತದ,” ಎಂದಳು ಅಜ್ಜಿ.

“ನಾ ದಿನಾ ನೋಡ್ತೀನಲ್ರೀ ಯವ್ವಾ, ನನಗೇನು ಬಡದದ?” ಡಾಕ್ಟರ್ ನಕ್ಕು ನನ್ನತ್ತ ತಿರುಗಿದರು. “ಕಾನ್ವೆಂಟ್ ಹುಡುಗಿ, ನೀ ನೋಡಿ ಬಂದು ಹೇಳು. ಯಾರೂ ನೋಡಲಿಲ್ಲಂದ್ರ ನಾ ಗುಳಗಿ ಹೆಂಗ ಕೊಡ್ಲಿ?”

ಕೆಲವು ದಿನಗಳ ಮೇಲೆ, ರೊಟ್ಟಿ ಬಡಿಯುತ್ತಿದ್ದ ಚಿಕ್ಕಮ್ಮ ವಾಲಿದಳು. ಅಮ್ಮ ಅವಳನ್ನು ಒಲೆಯಿಂದ ದೂರ ಎಳೆದಳು. ನನಗೆ ಟೆರಿಬಲ್ ಹೆದರಿಕೆ, ಆದರೂ ನೋಡಿದೆ. ಮೊದಲು ಎಡಗೈ ಹೆಬ್ಬೆರಳು, ಆಮೇಲೆ ತುಟಿಯ ಎಡತುದಿ, ಆಮೇಲೆ ಮೈಯೆಲ್ಲ. ವಾಚ್ ಇರಲಿಲ್ಲ, ಸಿಸ್ಟರ್‌ಗಳು ಕಲಿಸಿದ ಪ್ರೇಯರ್ ಹೇಳುತ್ತ ಎಣಿಸಿದೆ.

“ಆರು ಪ್ರೇಯರ್ ಮುಗಿಯೂತನಕ,” ಎಂದು ಒಪ್ಪಿಸಿದೆ. ಡಾಕ್ಟರ್ ನಗಲಿಲ್ಲ. ಚಿಕ್ಕಮ್ಮನ ಕೂದಲು ಸರಿಸಿ, ತಲೆಯ ಬಲಗಡೆ ಒಂದು ಹಳೆಯ ಗಾಯದ ಗುರುತು ಕಂಡುಹಿಡಿದರು. ಆಗ ಅಜ್ಜಿಗೆ ನೆನಪಾಯಿತು: ಮಗಳು ಸಣ್ಣವಳಿದ್ದಾಗ ದೇವದುರ್ಗದಲ್ಲಿ ಚಕ್ಕಡಿ ಗಾಡಿಯಿಂದ ಬಿದ್ದಿದ್ದಳು.

“ಗಾಳಿ ಅಲ್ರೀ, ಮಿದುಳಿಗೆ ಬಿದ್ದ ಪೆಟ್ಟು. ಬಲಕ್ಕ ಪೆಟ್ಟಾದ್ರ ಎಡಗೈ ನಡಗತದ. ಗುಳಗಿ ಒಂದಿನಾನೂ ತಪ್ಪಸಬ್ಯಾಡ್ರಿ. ಫಿಟ್ಸ್ ಬಂದಾಗ ಮಗ್ಗಲಕ್ಕ ಹೊಳ್ಳಿಸ್ರಿ. ಕೈಯಾಗ ಕಬ್ಬಿಣ ಬ್ಯಾಡ.”

ಫಿಟ್ಸ್ ಪೂರ್ತಿ ನಿಲ್ಲಲಿಲ್ಲ, ಅಪರೂಪವಾದವು. ಅಪ್ಪನ ಕಾಗದ ಓದಿ ಮಾನ್ವಿಯಿಂದ ಚಿಕ್ಕಪ್ಪ ತಾವೇ ಹೆಂಡತಿಯನ್ನು ಕರೆದೊಯ್ಯಲು ಬಂದರು. ಹನ್ನೆರಡು ವರ್ಷದ ನಾನು ಟೀಚರಮ್ಮನಂತೆ ಅವರನ್ನು ಕೂರಿಸಿ ಎಲ್ಲ ಹೇಳಿದೆ.

“ಆವಾಗ ಮಕ ತಿರುವಬಾರದ್ರೀ ಕಾಕಾ.”

“ಇಲ್ಲಬೇ, ನೋಡ್ತೀನಿ. ಅವ್ವಗೂ ನೋಡಂತೀನಿ.”

ಮಾನ್ವಿ ಬಸ್ಸಿನಲ್ಲಿ ಕಿಟಕಿಗೆ ಚಿಕ್ಕಮ್ಮ, ಅವಳ ಎಡಕ್ಕೆ ಚಿಕ್ಕಪ್ಪ. ಬಸ್ಸು ಹೊರಟಾಗ ಅವಳು ಬಲಗೈ ಬೀಸಿದಳು. ಅವರು ನಮ್ಮತ್ತ ತಿರುಗಲೇ ಇಲ್ಲ. ಮಡಿಲಲ್ಲಿದ್ದ ಅವಳ ಎಡಗೈಯನ್ನೇ ನೋಡುತ್ತಿದ್ದರು. ಚಿಕ್ಕಮ್ಮನನ್ನು ನಾನು ಕಂಡದ್ದು ಅದೇ ಕೊನೆ.