ಬಾಗಿಲಾಚೆ ನಿಂತು ಮಾಡಿದ ಪಾಠ

ಮಾತಾಡುವ ಹುಡುಗರನ್ನು ತರಗತಿಯಿಂದ ಹೊರಗೆ ನಿಲ್ಲಿಸುವುದು ಮೇಷ್ಟರುಗಳ ಹಳೇ ಪದ್ಧತಿ. ಹುಡುಗರು ಮಾತಾಡಲಿ ಎಂದು ಮೇಷ್ಟರೇ ಹೊರಗೆ ನಿಂತದ್ದನ್ನು ನೀವು ಕಂಡಿರಲಾರಿರಿ. ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ಹಾಗೆ ನಿಂತವನು ನಾನೇ.

ನಾನು ರಾಜ್ಯಶಾಸ್ತ್ರದ ಮೇಷ್ಟರು. ಬಾಯಿ ತೆರೆದರೆ ಗಂಟೆ ಹೊಡೆಯುವವರೆಗೂ ಮುಚ್ಚುವವನಲ್ಲ. ಇಂಥವನನ್ನು ತರಬೇತಿಗೆ ಕಳಿಸಿ, ‘ನೀವು ಸುಮ್ಮನಿರಿ, ವಿದ್ಯಾರ್ಥಿಗಳು ಚರ್ಚಿಸಲಿ’ ಎಂದರು. ಮೀನಿಗೆ ನೀರು ಬಿಟ್ಟು ಬಾ ಎಂದ ಹಾಗಾಯಿತು. ಆದರೂ ಒಪ್ಪಿದೆ. ಕಾರಣ, ಕೌದಳ್ಳಿಯಿಂದ ಹನೂರು ದಾಟಿ ಬಸ್ಸಿನಲ್ಲಿ ಬರುವ ಮಾದೇವಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವ ಹುಡುಗಿ ತರಗತಿಯಲ್ಲಿ ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ. ಕೇಳಿದರೆ, “ಗೊತ್ತದ ಸಾ, ಎದ್ದು ನಿಂತ್ರ ಬಾಯೇ ಬರದಿಲ್ಲ” ಎಂದಿದ್ದಳು. ಅವಳಿಗಿದು ಕೊನೆಯ ವರ್ಷ. ಹೀಗೇ ಬಾಯಿ ಬಿಡದೆ ಹೊರಟುಬಿಡುತ್ತಾಳಲ್ಲ ಎಂದು ನನಗೆ ಸಂಕಟ.

ಬೆಂಚುಗಳನ್ನು ಎದುರುಬದುರು ತಿರುಗಿಸಿ, ಕಾಡು ಸೀಳುವ ರಸ್ತೆ ಬೇಕೋ ಬೇಡವೋ ಎಂದು ಕೇಳಿದೆ. ಗುಸುಗುಸು ಶುರುವಾಯಿತು. ಆಸೆಯಿಂದ ಒಂದು ಗುಂಪಿನ ಹತ್ತಿರ ಹೋದೆ. ಎಲ್ಲರೂ ದಡಕ್ಕನೆ ಎದ್ದು ನಿಂತರು, ಮಾತು ಬಂದ್. ಪಕ್ಕದ ಗುಂಪಿನಲ್ಲೂ ಅದೇ ಗೌರವ. “ಏಳಬೇಡ್ರಪ್ಪ” ಎಂದರೆ, ಅದನ್ನು ಕೇಳಿಸಿಕೊಳ್ಳಲೂ ಎದ್ದು ನಿಲ್ಲುವ ಮಕ್ಕಳು! ಜ್ಞಾನ ಬೇಕಾದರೆ ಗುರುವಿನ ಹತ್ತಿರ ಕೂರು ಎಂದರು ಹಿರಿಯರು. ಗುರು ಹತ್ತಿರ ಬಂದರೆ ಕೂರಲಾರದವರು ಏನು ಮಾಡಬೇಕೆಂದು ಹೇಳಲಿಲ್ಲ. ಸೋತು ಹೊರಗೆ ಬಂದೆ.

ಒಳಗೆ ಸಂತೆ ನೆರೆಯಿತು. ಮಾಂಬಳ್ಳಿಯ ಶಿವು, “ರೋಡು ಬಂದ್ರ ಬಸ್ಸು ಬತ್ತದ ಕಣಮ್ಮಿ, ನಿನ್ಗೇನ್ ಕಷ್ಟ?” ಎನ್ನುತ್ತಿದ್ದ.

“ಆನ ಓಡಾಡೋ ಜಾಗ್ದಲ್ಲಿ ರೋಡ್ ಮಾಡುದ್ರ ಅದು ಎತ್ಲಾಗ್ ಓದದು ಕಣ್ಲಾ? ನಮ್ ಜೋಳದೊಲಕ್ಕೇ! ನೀ ಬಂದು ಓಡ್ಸೀಯಾ?”

ಯಾರ ದನಿ ಇದು? ಕಿಟಕಿಯಲ್ಲಿ ಇಣುಕಿದೆ. ಮಾದೇವಿ! ಆನೆ ಹೊಲಕ್ಕೆ ನುಗ್ಗುತ್ತದೆಂದು ಕೂತಲ್ಲೇ ಕೈಬೀಸಿ ವಾದಿಸುತ್ತಿದ್ದಳು. ನಾನು ಗಂಟಲು ಹರಿದುಕೊಳ್ಳುತ್ತಿದ್ದ ದಿನಗಳಲ್ಲೂ ಈ ಮಾತೆಲ್ಲ ಅವಳೊಳಗೆ ಇತ್ತಲ್ಲ, ಎಂಥ ಸೋಜಿಗ!

ಅಷ್ಟರಲ್ಲಿ ಪ್ರಾಂಶುಪಾಲರು ಬಂದರು. “ಯಾಕ್ರೀ ಹೊರಗೆ ನಿಂತಿದ್ದೀರಿ?”

“ಪಾಠ ನಡೀತಿದೆ ಸರ್” ಎಂದೆ.

ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮುಂದೆ ಹೋದರು. ನನಗೋ ತಡೆಯಲಾಗಲಿಲ್ಲ, ಒಳಗೆ ಕಾಲಿಟ್ಟೆ. ಇಡೀ ತರಗತಿ ಎದ್ದು ನಿಂತಿತು. ಮಾದೇವಿ ಮಾತ್ರ ಏಳಲಿಲ್ಲ. ನನ್ನತ್ತ ಕೈ ಅಡ್ಡ ಹಿಡಿದು, “ಒಸಿ ತಡೀರಿ ಸಾ, ನಂದಿನ್ನೂ ಮುಗ್ದಿಲ್ಲ” ಎಂದಳು.

ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಇಂಥ ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಹಿಂದಿನ ಬೆಂಚಿನವರನ್ನು ಸರಿಸಿ, ಸುಮ್ಮನೆ ಕೂತುಕೊಂಡೆ.