ಐಸಿಯುವಿನ ಊಟದ ಮೇಡಂ

ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳನ್ನು ಬಳೆಯಂತೆ ಜೋಡಿಸಿ ಅವರು ರೋಗಿಯ ಮೀನಖಂಡವನ್ನು ಸುತ್ತಿ ನೋಡುತ್ತಿದ್ದರು. ಬೆರಳುಗಳೊಳಗೆ ಕಾಲು ಸಡಿಲವಾದರೆ, ಸ್ನಾಯು ಕರಗಿದೆ ಎಂದು ಅವರ ಮುಖ ಬಿಗಿಯುತ್ತಿತ್ತು. ವೈಟ್‌ಫೀಲ್ಡಿನ ಆಸ್ಪತ್ರೆಯೊಂದಕ್ಕೆ ನಾನು ಹೊಸ ಸರ್ಜನ್ ಆಗಿ ಸೇರಿದಾಗ ಅವರು ಅಲ್ಲಿ ಡಯಟಿಷಿಯನ್. ನರ್ಸುಗಳ ಬಾಯಲ್ಲಿ ‘ಊಟದ ಮೇಡಂ’. ತಾವು ಮಾತ್ರ ಡಬ್ಬಿಯ ಚಿತ್ರಾನ್ನವನ್ನು ನಿಂತೇ ತಿಂದು ಮುಗಿಸುತ್ತಿದ್ದರು.

ಕಾಡುಗೋಡಿಯಲ್ಲಿ ಬಾಡಿಗೆಗಿದ್ದ ಯಾದಗಿರಿಯ ಗಾರೆ ಕೆಲಸಗಾರನೊಬ್ಬನಿಗೆ ಕರುಳು ತೂತಾಗಿ, ನಾನೇ ಆಪರೇಷನ್ ಮಾಡಿದ್ದೆ. ಕರುಳು ಮತ್ತೆ ಕೆಲಸ ಶುರುಮಾಡಿದ ಸದ್ದು ಕೇಳುವವರೆಗೆ ಹೊಟ್ಟೆಗೆ ಏನೂ ಕೊಡಬಾರದೆಂದು ಕಲಿತವನು ನಾನು. ದಿನಾ ಬೆಳಿಗ್ಗೆ ಮೇಡಂ, “ಇವತ್ತೂ ಉಪವಾಸಾನಾ ಡಾಕ್ಟ್ರೇ?” ಎನ್ನುತ್ತಿದ್ದರು. ನನಗೆ ಕಿರಿಕಿರಿ. ಐದನೆಯ ದಿನ ಅವನ ಹೆಂಡತಿ ಐಸಿಯುವಿನ ಬಾಗಿಲಲ್ಲಿ ನನ್ನನ್ನು ತಡೆದಳು.

“ಹೊಟ್ಟಿಗಿ ಏನೂ ಇಲ್ದ ಗಾಯ ಹ್ಯಾಂಗ ಮಾಯ್ತದ್ರೀ?”

ಮೇಡಂ ಪಕ್ಕದಲ್ಲೇ ಇದ್ದರು. “ನಾನು ಕೇಳ್ತಿರೋದೂ ಅದೇ,” ಎಂದರು.

ಆ ಮಧ್ಯಾಹ್ನವೇ ಮೂಗಿನ ನಳಿಕೆಯಲ್ಲಿ ಪೂರ್ತಿ ಅಳತೆಯ ಆಹಾರ ಕೊಡಲು ಬರೆದೆ. ಸೋತವನ ಹುಮ್ಮಸ್ಸು. ಮೇಡಂ ಅದನ್ನು ಕಾಲುಭಾಗಕ್ಕೆ ಇಳಿಸಿದರು. “ಇಷ್ಟು ದಿನ ಹಸಿದಿರೋ ದೇಹಕ್ಕೆ ಒಂದೇ ಸಲ ತುಂಬಿದ್ರೆ ರಕ್ತದಲ್ಲಿ ಫಾಸ್ಫರಸ್ ಕುಸಿದು ಹೃದಯ ನಿಂತ್ಹೋಗ್ಬೋದು. ಮೊದ್ಲು ಅದು ಎಷ್ಟಿದೆ ನೋಡ್ಸಿ.”

ನೋಡಿಸಿದೆ. ತೀರಾ ಕಡಿಮೆ ಇತ್ತು. ಅದನ್ನು ಸರಿಪಡಿಸುತ್ತ, ದಿನದಿನಕ್ಕೆ ಆಹಾರ ಏರಿಸಿದೆವು. ಗಾಯ ಒಂದು ಕಡೆ ಬಾಯಿಬಿಟ್ಟಿತು; ಮಾಯಲು ವಾರಗಳೇ ಹಿಡಿದವು. ಆದರೂ ಆತ ನಡೆದುಕೊಂಡೇ ಮನೆಗೆ ಹೋದ. ನನ್ನ ತಪ್ಪನ್ನು ಮೇಡಂ ಯಾರ ಬಳಿಯೂ ಆಡಲಿಲ್ಲ. ಆಮೇಲೆ ನಾನೇ ಅವರನ್ನು ಕೇಳದೆ ಯಾರನ್ನೂ ಉಪವಾಸ ಇಡುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಆಯಿತು. ಔಷಧಿ ಹಿಡಿಯಲಿಲ್ಲ, ಕೊನೆಗೆ ಊಟವೂ ಸೇರದಾಯಿತು. ಮಗಳು ಗಾಬರಿಯಿಂದ ಫೋನ್ ಮಾಡಿದಳು. ನಳಿಕೆ ತೆಗೆದುಕೊಂಡು ಬ್ರೂಕ್‌ಫೀಲ್ಡಿನ ಅವರ ಮನೆಗೆ ಹೋದೆ. ನನ್ನ ಚೀಲ ನೋಡಿಯೇ ಮೇಡಂಗೆ ತಿಳಿಯಿತು.

“ಬೇಡ ಡಾಕ್ಟ್ರೇ. ಊಟದಿಂದ ಚೇತರಿಸ್ಕೊಳ್ಳೋ ಹಂತ ದಾಟಿದೀನಿ. ಅದನ್ನ ಹಾಕಿದ್ರೆ ನಿಮಗೆ ಸಮಾಧಾನ, ನನಗೆ ಹಿಂಸೆ.”

ಮಗಳು ನನ್ನ ಮುಖ ನೋಡಿದಳು. ಅಮ್ಮ ಹೇಳುತ್ತಿರುವುದು ಸರಿ ಎಂದೆ. ಹೇಳುವುದು ಸುಲಭವಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಡಂ ಎಳನೀರು ಕೇಳಿದರು. ಮಗಳು ಚಮಚದಲ್ಲಿ ಕುಡಿಸಿದಳು. ಎರಡನೆಯ ಚಮಚಕ್ಕೆ, “ಸಿಹಿಯಾಗಿದೆ,” ಎಂದು ಸಾಕೆನ್ನುವಂತೆ ಕೈ ಎತ್ತಿದರು.

ನಾಲ್ಕು ದಿನದ ನಂತರ ತೀರಿಕೊಂಡರು. ತಾವಾಗಿ ಕೇಳಿ ಕುಡಿದದ್ದು ಅದೇ ಕೊನೆ ಎಂದು ಮಗಳು ಹೇಳಿದಳು.